ಎರಡೂವರೆ ವರ್ಷದ ಎಲೆಕ್ಟ್ರಿಕ್ ಸ್ಟೌ: ಒಲೆ ಸರಿ ಇದೆ, ಪಾತ್ರೆಗಳ ತಳವೇ ಸರಿ ಇಲ್ಲ

ಸ್ಟೌಗೆ ಕೊಟ್ಟಿದ್ದು ಏಳು ಸಾವಿರ. ಅದಕ್ಕೆ ಹೊಂದುವ ಪಾತ್ರೆಗಳಿಗೆ ಇದುವರೆಗೆ ಒಂಬತ್ತು ಸಾವಿರ ದಾಟಿದೆ. ಅದರಲ್ಲಿ ಎರಡು ಪಾತ್ರೆ ಈಗ ಅಟ್ಟದ ಮೇಲೆ ಕೂತಿವೆ. ಇಷ್ಟು ಮೊದಲೇ ಹೇಳಿಬಿಟ್ಟರೆ ಮುಂದಿನದ್ದು ಓದುವಾಗ ನನ್ನ ಸಿಟ್ಟು ಅರ್ಥವಾಗುತ್ತದೆ.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಸಿಲಿಂಡರ್ ಹೊತ್ತು ತರುವವನು ಪ್ರತಿ ಸಲ ಮೆಟ್ಟಿಲು ನೋಡಿ ಮುಖ ಗಂಟು ಹಾಕುತ್ತಿದ್ದ. ಸಾಕು ಅನ್ನಿಸಿ ಈ ಸ್ಟೌ ತಂದೆ. ಒಂದೇ ಗಾಜಿನ ಹಲಗೆ, ಎಡಗಡೆ ಇಂಡಕ್ಷನ್, ಬಲಗಡೆ ಇನ್‌ಫ್ರಾರೆಡ್. ಬಟನ್ ಎಷ್ಟು, ಮೆನು ಎಷ್ಟು ಅನ್ನುವುದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. 16 ಆಂಪ್ ಸಾಕೆಟ್ ಇಲ್ಲದೆ ಮಾತ್ರ ಹಾಕಬೇಡಿ.

ಮೊದಲ ದಿನ ಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಎಡಗಡೆ ಇಟ್ಟೆ. ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಕುಂಯ್ ಅಂತ ಕೂಗಿತು. ಹಿತ್ತಾಳೆ ತಪ್ಪಲೆಗೂ ಕುಂಯ್. ಮದುವೆಯಲ್ಲಿ ಬಂದ ದಪ್ಪ ಸ್ಟೀಲ್ ಪಾತ್ರೆಗೂ ಅದೇ ರಾಗ. ಸ್ಟೀಲೂ ಬೇಡವಾ ಇದಕ್ಕೆ ಅಂತ ತಲೆ ಕೆಟ್ಟಿತು. ಆಮೇಲೆ ತಿಳಿಯಿತು, ಸ್ಟೀಲಲ್ಲೂ ಬೇರೆ ಬೇರೆ ಜಾತಿ ಇದೆ. 304 ಅನ್ನುವುದರಲ್ಲಿ ನಿಕ್ಕಲ್ ಜಾಸ್ತಿ, ತುಕ್ಕು ಹಿಡಿಯುವುದಿಲ್ಲ, ಆದರೆ ಮ್ಯಾಗ್ನೆಟ್ಟಿಗೂ ಅಂಟುವುದಿಲ್ಲ. 430 ಅಂಟುತ್ತದೆ. ಇಂಡಕ್ಷನ್‌ನಲ್ಲಿ ಬಿಸಿಯಾಗುವುದು ಗಾಜಲ್ಲ, ಪಾತ್ರೆಯ ತಳ. ಆ ತಳಕ್ಕೆ ಮ್ಯಾಗ್ನೆಟ್ ಅಂಟಲೇಬೇಕು. ಒಳಗೆ 304, ನಡುವೆ ಅಲ್ಯೂಮಿನಿಯಂ, ಹೊರಗೆ 430 ಇರುವ ಮೂರು ಪದರದ ಪಾತ್ರೆ ಸಿಗುತ್ತದೆ. ನನ್ನ ಒಂಬತ್ತು ಸಾವಿರದಲ್ಲಿ ಮುಕ್ಕಾಲು ಪಾಲು ಹೋಗಿದ್ದು ಅಂಥವಕ್ಕೇ.

ಅಂದಿನಿಂದ ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಡ್ಜ್ ಮೇಲಿದ್ದ ಚಾಮುಂಡಿ ಬೆಟ್ಟದ ನಂದಿ ಮ್ಯಾಗ್ನೆಟ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಪಾತ್ರೆ ಬೋರಲು ಹಾಕು, ನಂದಿ ಅಂಟಿಸು. ಅಂಟಿದರೆ ಮುಂದಿನ ಮಾತು. ಅಂಗಡಿಯವರು ನಗುತ್ತಾರೆ, ನಗಲಿ. 'ಇಂಡಕ್ಷನ್ ಬೇಸ್' ಅನ್ನುವ ಚೀಟಿ ನಂಬಿ ನಾನು ಒಂದು ತೆಳು ಸಾಂಬಾರ್ ಪಾತ್ರೆ ತಂದಿದ್ದೆ. ಬೇಳೆ ಒಂದು ಬಳೆಯ ಆಕಾರದಲ್ಲಿ ಸೀಯುತ್ತಿತ್ತು. ಕೆಳಗಿನ ಸುರುಳಿ ಎಲ್ಲಿದೆಯೋ ಅಲ್ಲೇ ಕಾವು, ಉಳಿದ ಕಡೆ ಹರಡಲು ತಳದಲ್ಲಿ ದಪ್ಪ ಇಲ್ಲ. ಅಟ್ಟದ ಮೇಲಿರುವುದರಲ್ಲಿ ಅದೊಂದು.

ಬಲಗಡೆಯ ಇನ್‌ಫ್ರಾರೆಡ್‌ಗೆ ಈ ಮಡಿ ಮೈಲಿಗೆ ಇಲ್ಲ. ಅಲ್ಲಿ ಗಾಜೇ ಕಾಯುತ್ತದೆ, ಯಾವ ಲೋಹವಾದರೂ ಸರಿ, ತಳ ಚಪ್ಪಟೆ ಇರಬೇಕು ಅಷ್ಟೇ. ಹಾಗಂತ ಸಲಿಗೆ ತೆಗೆದುಕೊಂಡು ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

ಮೊದಲನೆಯದು ಹಿತ್ತಾಳೆ ತಪ್ಪಲೆ. ನಮ್ಮಜ್ಜಿಯದು, ನಾಗಮಂಗಲದಲ್ಲಿ ಕೊಂಡಿದ್ದು. ಅದರಲ್ಲಿ ಮಾಡಿದ ಸಾರಿನ ರುಚಿಯೇ ಬೇರೆ. ಒಳಗೆ ಕಲಾಯಿ ಇಲ್ಲದಿದ್ದರೆ ಹುಣಸೆಹುಳಿಗೆ ಹಿತ್ತಾಳೆಯ ತಾಮ್ರ ಬಿಡುತ್ತದೆ, ಕಿಲುಬು ಏಳುತ್ತದೆ. ಅದಕ್ಕೇ ಹೊಸದಾಗಿ ಕಲಾಯಿ ಹಾಕಿಸಿದ್ದೆ. ಒಗ್ಗರಣೆಗೆ ಬಿಸಿಯಾಗಲಿ ಅಂತ ಖಾಲಿ ತಪ್ಪಲೆಯನ್ನು ಪೂರ್ತಿ ಕಾವಿನಲ್ಲಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತೆ. ವಾಪಸ್ ಬಂದರೆ ಕಲಾಯಿ ಬೆವರಿದ ಹಾಗೆ ಹನಿಹನಿಯಾಗಿ ಒಂದು ಕಡೆ ಸೇರಿತ್ತು. ಕಲಾಯಿ ಅಂದರೆ ತವರ, 232 ಡಿಗ್ರಿಗೇ ಕರಗುತ್ತದೆ. ನೀರೋ ಸಾರೋ ಇದ್ದರೆ ಅಷ್ಟು ಕಾವು ಏರುವುದಿಲ್ಲ. ಈಗ ಒಗ್ಗರಣೆ ಬೇರೆ ಸೌಟಿನಲ್ಲಿ, ತಪ್ಪಲೆಗೆ ಯಾವಾಗಲೂ ನೀರು ಮೊದಲು. ಖಾಲಿ ನಾನ್‌ಸ್ಟಿಕ್ ತವಾಕ್ಕೂ ಇದೇ ಮಾತು. 260 ಡಿಗ್ರಿ ದಾಟಿದರೆ ಆ ಲೇಪ ಹಾಳಾಗಿ ಹೊಗೆ ಬಿಡಲು ಶುರು, ಇಂಡಕ್ಷನ್ ಮೇಲಂತೂ ಅಷ್ಟು ಕಾಯಲು ಜಾಸ್ತಿ ಹೊತ್ತು ಬೇಡ. ನಾನು ಬೀಡಿನ ಕಾವಲಿಗೇ ಬಂದುಬಿಟ್ಟೆ. ಎರಡೂ ಕಡೆ ನಡೆಯುತ್ತದೆ, ದೋಸೆಯೂ ಗರಿಗರಿ. ಗಾಜಿನ ಮೇಲೆ ಎಳೆಯಬಾರದು, ಎತ್ತಿ ಇಡಬೇಕು. ನನ್ನ ಗಾಜಿನ ಮೇಲಿನ ಗೀರುಗಳಲ್ಲಿ ಅರ್ಧ ಆ ಕಾವಲಿಯದ್ದೇ.

ಎರಡನೆಯದು ದೀಪಾವಳಿಯ ಕಜ್ಜಾಯ. ಬೆಲ್ಲದ ಪಾಕ ಉಕ್ಕಿ ಬಲಗಡೆಯ ಕೆಂಪಗೆ ಕಾದ ಗಾಜಿನ ಮೇಲೆ ಚೆಲ್ಲಿತು. ಆರಿದ ಮೇಲೆ ಕೆರೆದರಾಯಿತು ಅಂತ ಸುಮ್ನೆ ಬಿಟ್ಟೆ. ಆರಿದ ಬೆಲ್ಲ ಕಿತ್ತಾಗ ಜೊತೆಗೆ ಗಾಜಿನ ಚೂರೂ ಕಿತ್ತು ಬಂತು. ಸಕ್ಕರೆ, ಬೆಲ್ಲ ಚೆಲ್ಲಿದರೆ ಬಿಸಿ ಇರುವಾಗಲೇ ಹುಷಾರಾಗಿ ಕೆರೆದು ತೆಗೆಯಬೇಕಂತೆ. ಅಂಗಡಿಯವನು ಇದನ್ನು ಹೇಳಿದ್ದು ನಾನು ರಿಪೇರಿ ಕೇಳಲು ಹೋದಾಗ.

ಇಷ್ಟೆಲ್ಲ ಬೈದೆ. ಆದರೆ ಬೆಳಗಿನ ಕಾಫಿ ಹೊತ್ತಿನಲ್ಲಿ ಇದರ ಮೇಲೆ ನನಗೆ ಪ್ರೀತಿ ಬರುತ್ತದೆ. ಐದೂವರೆಗೆ ಎದ್ದು ಫಿಲ್ಟರಿಗೆ ಹಾಕುವಷ್ಟು ನೀರನ್ನು ಬಲಗಡೆ ಕುದಿಸುತ್ತೇನೆ. ನೀರು ತೆಗೆದ ಮೇಲೂ ಆ ಗಾಜು ಬಿಸಿಯಾಗೇ ಇರುತ್ತದೆ, ಇಂಗ್ಲಿಷಿನ 'ಎಚ್' ಮಿನುಗುತ್ತಿರುತ್ತದೆ. ಅದರ ಮೇಲೆ ಎರಡು ಸ್ಟೀಲ್ ಲೋಟ ಇಡುತ್ತೇನೆ. ಎಡಗಡೆ ಹಾಲು. ಹಾಲು ಏಳುತ್ತಾ ಪಾತ್ರೆಯ ಬಾಯಿಗೆ ಬರುವ ಹೊತ್ತಿಗೆ ಬಟನ್ ಒತ್ತಿದರೆ ಅಲ್ಲೇ ನಿಂತು ಕೆಳಗಿಳಿಯುತ್ತದೆ. ಬಲಗಡೆ ಇದನ್ನೇ ಮಾಡಿದರೆ ಆರಿಸಿದ ಮೇಲೂ ಉಕ್ಕುತ್ತದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಲೋಟ ಬೆಚ್ಚಗಾಗಿರುತ್ತದೆ. ಗ್ಯಾಸಿನಲ್ಲಿ ಈ ಸುಖ ಇರಲಿಲ್ಲ.

ಕರೆಂಟ್ ಬಿಲ್ಲಿನ ಬಗ್ಗೆ ಒಂದು ಮಾತು. ಗೃಹಜ್ಯೋತಿಯಲ್ಲಿ ಹಳೆಯ ಸರಾಸರಿಗೆ ಶೇ 10 ಸೇರಿಸಿ ನಮಗೆ ತಿಂಗಳಿಗೆ ಪುಕ್ಕಟೆ ಸಿಕ್ಕಿದ್ದು 96 ಯೂನಿಟ್. ಈಗ 150ರ ಆಸುಪಾಸು ಬರುತ್ತದೆ, ಮೇಲಿನದ್ದಕ್ಕೆ ದುಡ್ಡು ಕಟ್ಟುತ್ತೇವೆ. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಹಾಗಾಗಿ ಹಬ್ಬದ ತಿಂಗಳಲ್ಲಿ ಮೀಟರ್ ನೋಡಿಕೊಂಡೇ ಅಡುಗೆ.

ನನ್ನ ದೊಡ್ಡ ದೂರು ಇನ್ನೂ ಬಂದಿಲ್ಲ. ಮುದ್ದೆ.

ನಮ್ಮ ಕಡೆ ಮಳವಳ್ಳಿ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ಹುಟ್ಟಿಸಿ ಕೋಲಾರದ ಗಣಿಗೆ ಕಳಿಸಿದ ತಾಲ್ಲೂಕು. ನಮ್ಮವ್ವ ಮಾತ್ರ ಇವತ್ತಿಗೂ ಸೌದೆ ಒಲೆಯನ್ನೇ ನಂಬುವುದು. ಮೊದಲ ಸಲ ಈ ಸ್ಟೌ ನೋಡಿ, "ಉರಿನೇ ಕಾಣಾಕಿಲ್ಲ, ಬೇಯ್ತದೆ ಅಂತ ಹೆಂಗ್ಲಾ ನಂಬೋದು?" ಅಂದಿತ್ತು. ಅವ್ವ ಊರಿನಿಂದ ತಂದಿದ್ದ ಮುದ್ದೆ ಪಾತ್ರೆ ಗುಂಡು ತಳದ ಅಲ್ಯೂಮಿನಿಯಂ. ಎಡಗಡೆಗೆ ಲೋಹ ಆಗದು, ಬಲಗಡೆಗೆ ತಳ ಆಗದು. ರೂಪಾಯಿಯಗಲ ಜಾಗ ಮಾತ್ರ ಗಾಜಿಗೆ ತಾಗುತ್ತಿತ್ತು, ಎಸರು ಬರಲು ಅರ್ಧ ಗಂಟೆ. ಅಟ್ಟದ ಮೇಲಿನ ಎರಡನೆಯದು ಅಲ್ಲ ಅದು, ಅದನ್ನು ಅಟ್ಟಕ್ಕೆ ಹಾಕುವ ಧೈರ್ಯ ನನಗಿಲ್ಲ.

ಮುದ್ದೆಗೆ ಅಂತಲೇ ದಪ್ಪ ತಳದ ಚಪ್ಪಟೆ ಸ್ಟೀಲ್ ಪಾತ್ರೆ ತಂದೆ. ಬೇಯುವುದು ಚೆನ್ನಾಗಿಯೇ ಬೇಯಿತು. ಎಸರು ಕುದಿದ ಮೇಲೆ ಹಿಟ್ಟು ಗುಡ್ಡೆ ಹಾಕಿ, ದೊಣ್ಣೆಯಿಂದ ನಡುವೆ ತೂತು ಮಾಡಿ, ಕಾವು ತಗ್ಗಿಸಿ ಬಿಟ್ಟರೆ ಗುಳುಗುಳು ಅಂತ ಬೇಯುತ್ತದೆ, ತಳ ಹಿಡಿಯುವುದಿಲ್ಲ. ತೊಳಸುವಾಗ ಬಂತು ಗ್ರಹಚಾರ. ದೊಣ್ಣೆ ಹಾಕಿ ಒತ್ತಿ ತಿರುಗಿಸಿದರೆ ಹಿಟ್ಟು ತಿರುಗಲಿಲ್ಲ, ಪಾತ್ರೆಯೇ ಗಾಜಿನ ಮೇಲೆ ಗಿರಗಿರ ತಿರುಗಿತು. ಇಕ್ಕಳದಲ್ಲಿ ಹಿಡಿದರೆ ಸ್ಟೌ ಸಮೇತ ಕಟ್ಟೆಯ ಅಂಚಿಗೆ ಬಂತು. ಗಾಜು ಒಡೆದೇ ಹೋಯಿತು ಅಂದುಕೊಂಡೆ. ಆ ದಿನದ ಮುದ್ದೆಯಲ್ಲಿ ಮುದ್ದೆಗಿಂತ ಗಂಟೇ ಜಾಸ್ತಿ. ಗಾಜಿನ ಒಲೆ ಮಾಡಿದವರು ಯಾರೂ ಮುದ್ದೆ ಉಂಡವರಲ್ಲ, ಅಷ್ಟು ಗ್ಯಾರಂಟಿ.

ಹೋದ ತಿಂಗಳು ಅವ್ವ ಬಂದಿದ್ದಾಗ ಈ ಪರದಾಟ ನೋಡಿತು. ಏನೂ ಮಾತಾಡದೆ ಹಳೆ ಸೀರೆ ತುಂಡು ಸುತ್ತಿ ಸಿಂಬೆ ಮಾಡಿ ನೆಲದ ಮೇಲಿಟ್ಟಿತು. ಬೆಂದ ಹಿಟ್ಟಿನ ಪಾತ್ರೆಯನ್ನು ಎಡಗಡೆಯಿಂದ ಇಳಿಸಿ ಅದರ ಮೇಲೆ ಕೂರಿಸಿ, ಕವೆಗೋಲು ಕೊಟ್ಟು ತುಳಿದುಕೊಂಡು ತೊಳಸಲು ಶುರು ಮಾಡಿತು. ಪಾತ್ರೆ ಅಲ್ಲಾಡಲಿಲ್ಲ. ಮೇಲೆ ಸ್ಟೌ ಪಾತ್ರೆ ಕಾಣದೆ ಕುಂಯ್ ಕುಂಯ್ ಅನ್ನುತ್ತಲೇ ಇತ್ತು, ಆರಿಸುವುದು ನನಗೆ ಮರೆತಿತ್ತು.

"ಅದ್ಯಾಕ್ಲಾ ಹಂಗ್ ಬಡ್ಕತದೆ?"

"ಪಾತ್ರೆ ಎಲ್ಲಿ ಅಂತ ಕೇಳ್ತದೆ ಕಣವ್ವ."

"ಹಿಟ್ಟಾಯ್ತು, ಉಣ್ಣಾಕ್ ಬಾ ಅನ್ನು."