ಅಂಗಡಿ ಇಡುವವರು ಓದಬೇಕಾದ ‘ಬಾನಯಾನ’

ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಹೊಸದಾಗಿ ವ್ಯಾಪಾರ ಶುರು ಮಾಡುವ ಹುಡುಗರಿಗೆ ನಾನು ಮೊದಲು ಕೊಡುವ ಪುಸ್ತಕ ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ‘ಬಾನಯಾನ’. 2003ರಲ್ಲಿ ಅವರು ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಹಾರಿಸಿದ್ದು ಎಲ್ಲರಿಗೂ ಗೊತ್ತು, ಅಲ್ವಾ? ನನ್ನನ್ನು ಹಿಡಿದು ಕೂರಿಸಿದ್ದು ಅದಕ್ಕೂ ಮುಂಚಿನ ಭಾಗ. ಸೈನ್ಯ ಬಿಟ್ಟು ಬಂದವರು ಜಾವಗಲ್ ಕಡೆಯ ಬರಡು ನೆಲದಲ್ಲಿ ಟೆಂಟ್ ಹಾಕಿದರು. ರೇಷ್ಮೆ ಬೆಳೆದರು, ಹಾಸನದಲ್ಲಿ ಹೋಟೆಲ್ ನಡೆಸಿದರು, ಬೈಕ್ ಮಾರಿದರು. ಆ ಪುಟಗಳ ಅಂಚಿಗೆಲ್ಲ ನನ್ನ ಪೆನ್ಸಿಲ್ ಗೆರೆ, ಗ್ರೀಸ್ ಹತ್ತಿದ ಹೆಬ್ಬೆರಳಿನ ಗುರುತು. ಬಂಡವಾಳದ ಲೆಕ್ಕಾಚಾರ ಬರುವ ಕಡೆ ಮಾತ್ರ ನಿಧಾನಕ್ಕೆ, ಎರಡು ಸಲ ಓದಬೇಕು. ಬ್ಯಾಂಕಿನ ಸಾಲಕ್ಕೆ ಸಹಿ ಹಾಕುವ ಮೊದಲೇ ಓದಿ. ನನ್ನ ಪ್ರತಿ ಈಗ ಬಾಜೂ ಬೇಕರಿಯ ಹುಡುಗನ ಹತ್ತಿರ ಇದೆ.