ವೈಕಿಂಗ್ ಇತಿಹಾಸಕ್ಕೆ ಯಾವ ಬಂದರು: ಉತ್ತರದ ಕ್ರೂಸ್‌ನ ತೀರ ಪ್ರವಾಸಗಳ ಹೋಲಿಕೆ

ನಾರ್ವೆ, ಸ್ಕಾಟ್ಲೆಂಡಿನ ಶೆಟ್ಲೆಂಡ್ ಮತ್ತು ಆರ್ಕ್ನಿ ದ್ವೀಪಗಳು, ಐಸ್‌ಲೆಂಡ್ ಇವನ್ನು ಸುತ್ತುವ ಕ್ರೂಸ್ ಹಡಗುಗಳ ತೀರ ಪ್ರವಾಸಗಳ ಪಟ್ಟಿಯಲ್ಲಿ ‘ವೈಕಿಂಗ್’ ಎಂಬ ಹೆಸರು ಹೊತ್ತ ಪ್ರವಾಸ ಬಹುತೇಕ ಬಂದರುಗಳಲ್ಲಿ ಒಂದಾದರೂ ಇರುತ್ತದೆ. ಹಡಗು ಒಂದು ಬಂದರಿನಲ್ಲಿ ತಂಗುವುದು ಸಾಮಾನ್ಯವಾಗಿ ಬೆಳಗಿನಿಂದ ಸಂಜೆಯವರೆಗೆ ಮಾತ್ರ. ಅಷ್ಟರೊಳಗೆ ಜಲಪಾತ, ಹಿಮನದಿ, ಪಕ್ಷಿಗಳ ಬಂಡೆ, ಊರಿನ ಪೇಟೆ ಎಲ್ಲವೂ ಪೈಪೋಟಿಗೆ ನಿಲ್ಲುವುದರಿಂದ, ಪ್ರತಿಯೊಂದು ಬಂದರಿನಲ್ಲಿಯೂ ಇತಿಹಾಸದ ಪ್ರವಾಸವನ್ನೇ ಕೊಳ್ಳುವುದು ಹಣದ ದೃಷ್ಟಿಯಿಂದಲೂ ಉತ್ಸಾಹದ ದೃಷ್ಟಿಯಿಂದಲೂ ಆಗುವ ಮಾತಲ್ಲ. ಬೇರೆ ಬೇರೆ ಬೇಸಿಗೆಗಳ ಸಮುದ್ರಯಾನಗಳಲ್ಲಿ ನಾನು ನಾರ್ವೆಯ ಫ್ಲೋಮ್ ಮತ್ತು ಲೆಕ್ನೆಸ್, ಶೆಟ್ಲೆಂಡ್‌ನ ಲರ್ವಿಕ್, ಆರ್ಕ್ನಿಯ ಕರ್ಕ್‌ವಾಲ್, ಐಸ್‌ಲೆಂಡಿನ ರೇಕ್ಯಾವಿಕ್‌ಗಳಿಂದ ಇಂಥ ಪ್ರವಾಸಗಳಿಗೆ ಹೋಗಿಬಂದಿದ್ದೇನೆ. ನನ್ನ ಮುಖ್ಯ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರವಾಸದ ಹೆಸರಿನಲ್ಲಿ ‘ವೈಕಿಂಗ್’ ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ಅಲ್ಲಿ ಸುಮಾರು ಸಾವಿರ ವರ್ಷದ ಹಿಂದಿನ ಆ ಸ್ಕ್ಯಾಂಡಿನೇವಿಯದ ಕಡಲಯಾನಿಗಳು ಬಿಟ್ಟುಹೋದದ್ದು ಅಷ್ಟೇ ಕಡಿಮೆ ಸಿಗುವ ಸಂಭವವಿದೆ. ಲೆಕ್ನೆಸ್ ಇರುವ ಲೊಫೊಟೆನ್ ದ್ವೀಪಗಳದ್ದು ಮಾತ್ರ ಇದಕ್ಕೆ ದೊಡ್ಡ ಅಪವಾದ.

ಹೋಲಿಕೆಗೆ ನಾನಿಟ್ಟುಕೊಂಡ ಅಳತೆಗಳು ಸರಳವಾದವು. ನಾವು ನಿಂತ ನೆಲದಲ್ಲಿಯೇ ಆ ಕಾಲದ ಜನ ಬದುಕಿದ್ದರೇ, ಇಲ್ಲವೇ ಅದು ಈಚೆಗೆ ಕಟ್ಟಿದ ಮಾದರಿಯೇ. ಬಸ್ಸು, ಸರತಿ, ಅಂಗಡಿಗಳ ಹೊತ್ತನ್ನು ಕಳೆದರೆ ಸ್ಥಳದಲ್ಲಿ ಉಳಿಯುವ ಸಮಯವೆಷ್ಟು. ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಗೈಡ್‌ನ ಅಗತ್ಯ ಎಷ್ಟು ಎಂಬಿಷ್ಟೇ.

ಫ್ಲೋಮ್‌ನಿಂದ ಗುಡ್ವಾಂಗೆನ್‌ನ ನ್ಯಾರ್ದರ್‌ಹೈಮರ್ ವೈಕಿಂಗ್ ಗ್ರಾಮಕ್ಕೆ ಸುಮಾರು 20 ಕಿಲೋಮೀಟರ್ ದೂರ. ದಾರಿಯ ಬಹುಪಾಲು ಸುರಂಗಗಳೊಳಗೇ ಸಾಗುತ್ತದೆ; ಅವುಗಳಲ್ಲಿ ಒಂದರ ಉದ್ದವೇ 11 ಕಿಲೋಮೀಟರಿಗೂ ಹೆಚ್ಚು. 2017ರಲ್ಲಿ ತೆರೆದ ಈ ಗ್ರಾಮ ಉತ್ಖನನದಲ್ಲಿ ದೊರೆತ ಊರಲ್ಲ, ಆ ಕಾಲದ ಜೀವನವನ್ನು ತೋರಿಸಲೆಂದು ಹೊಸದಾಗಿ ಕಟ್ಟಿದ ಊರು. ಮರದ ಮನೆಗಳ ನಡುವೆ ಆ ಕಾಲದ ಉಡುಪಿನಲ್ಲಿರುವ ಗೈಡ್ ಕತೆ ಹೇಳುತ್ತಾ ಕರೆದೊಯ್ಯುತ್ತಾನೆ. ಕೊಡಲಿ ಎಸೆಯುವುದು, ಬಿಲ್ಲು ಹೂಡುವುದು ಇವನ್ನು ಪ್ರವಾಸಿಗರ ಕೈಯಲ್ಲಿಯೇ ಮಾಡಿಸುತ್ತಾರೆ. ನಾನು ಹೋದ ದಿನ ಅಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರಲ್ಲಿ ಕೆಲವರು ಕಸುಬನ್ನು ನಿಜವಾಗಿ ಬಲ್ಲವರಾಗಿದ್ದರು, ಕೇಳಿದ ಪ್ರಶ್ನೆಗೆ ಕೈಕೆಲಸ ನಿಲ್ಲಿಸಿ ಉತ್ತರಿಸಿದರು. ಶಾಲೆಗೆ ಹೋಗುವ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಆ ದಾರಿಯಲ್ಲಿ ಇಲ್ಲ. ಆದರೆ ಇತಿಹಾಸದ ಸಾಕ್ಷ್ಯವನ್ನು ಹುಡುಕಿ ಹೋಗುವವರಿಗೆ ಇಲ್ಲಿ ಸಿಗುವುದು ವಿವರಣೆಯೇ ಹೊರತು ವಸ್ತುವಲ್ಲ. ಒಂದು ದಾರಿಯನ್ನು ಬಸ್ಸಿನಲ್ಲಿಯೂ ಇನ್ನೊಂದನ್ನು ದೋಣಿಯಲ್ಲಿಯೂ ಮಾಡಿಸುವ ಪ್ರವಾಸವನ್ನು ಆರಿಸಿಕೊಂಡರೆ, 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ನೇರೊಯ್ ಫ್ಯೋರ್ಡ್ ಎಂಬ ಕಡಲತೋಳಿನ ಇಕ್ಕಟ್ಟಾದ ನೀರುದಾರಿ ಜೊತೆಗೆ ಸಿಗುತ್ತದೆ. ಕೊಟ್ಟ ಹಣಕ್ಕೆ ನನಗೆ ಹೆಚ್ಚು ಮೌಲ್ಯ ದೊರೆತದ್ದು ಆ ದೋಣಿಯಲ್ಲಿಯೇ.

ಲೊಫೊಟೆನ್‌ನ ಲೆಕ್ನೆಸ್ ಬಂದರಿನಿಂದ ಹೊರಡುವ ಪ್ರವಾಸದ ಹೆಸರೂ ಹೀಗೆಯೇ ಅಬ್ಬರದ್ದಾಗಿರುತ್ತದೆ, ಆದರೆ ಒಳಗಿನ ಸರಕು ಬೇರೆ. ವೆಸ್ಟ್‌ವೋಗೊಯ್ ದ್ವೀಪದ ಬೋರ್ಗ್ ಎಂಬಲ್ಲಿ 1981ರಲ್ಲಿ ಹೊಲ ಉಳುವಾಗ ಹಳೆಯ ಚೂರುಗಳು ಮೇಲೆದ್ದವು. 1983ರಿಂದ ನಡೆದ ಉತ್ಖನನದಲ್ಲಿ 83 ಮೀಟರ್ ಉದ್ದದ ಮನೆಯೊಂದರ ತಳ ಸಿಕ್ಕಿತು. ವೈಕಿಂಗ್ ಯುಗದ ಮನೆಗಳಲ್ಲಿ ಇದುವರೆಗೆ ಸಿಕ್ಕವುಗಳ ಪೈಕಿ ಇದೇ ಅತಿ ಉದ್ದವಾದದ್ದು. ಅದೇ ದಿಬ್ಬದ ಮೇಲೆ, ಮೂಲ ಮನೆಯ ಪಕ್ಕದಲ್ಲಿ, ಅದೇ ಅಳತೆಯ ಮನೆಯನ್ನು ಪುನರ್ನಿರ್ಮಿಸಿ 1995ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ. ಹೀಗಾಗಿ ಇಲ್ಲಿ ಮಾದರಿಯೂ ಮೂಲವೂ ಒಂದೇ ನೋಟಕ್ಕೆ ಸಿಗುತ್ತವೆ: ಹೊರಗೆ ಹುಲ್ಲಿನ ನಡುವೆ ಹಳೆಯ ಮನೆಯ ಗುರುತು, ಮಗ್ಗುಲಲ್ಲಿ ಕತ್ತಲೆ ತುಂಬಿದ, ಡಾಂಬರು ಮತ್ತು ಹೊಗೆಯ ವಾಸನೆಯ, ಸಾಲುಗಂಬಗಳ ಹೊಸ ಮನೆ. ಗೈಡ್ ಏನೇ ಹೇಳಲಿ, ಅದು ನಿಜವೋ ಅಲಂಕಾರವೋ ಎಂದು ಹೊರಗೆ ಬಂದು ನೆಲ ನೋಡಿ ಅಂದಾಜು ಮಾಡಬಹುದು. ಅಂಥ ಅವಕಾಶ ಗುಡ್ವಾಂಗೆನ್‌ನಲ್ಲಿ ಇಲ್ಲ.

ಬೋರ್ಗ್‌ನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಮನೆಯ ಗಾತ್ರವಲ್ಲ, ಸಿಕ್ಕ ಚಿಕ್ಕ ವಸ್ತುಗಳು. ಬೆರಳ ತುದಿಯಷ್ಟು ಚಿಕ್ಕದಾದ ಚಿನ್ನದ ತಗಡುಗಳ ಮೇಲೆ ಎದುರುಬದುರು ನಿಂತ ಗಂಡು ಹೆಣ್ಣಿನ ಆಕೃತಿಗಳು, ಪಶ್ಚಿಮ ಯೂರೋಪಿನಿಂದ ಬಂದ ಗಾಜಿನ ಪಾತ್ರೆಗಳ ಒಡಕು ಚೂರುಗಳು. ಉತ್ತರಧ್ರುವ ವೃತ್ತಕ್ಕೂ ಆಚೆ, ಮೀನು ಮತ್ತು ಬಾರ್ಲಿಯ ಮೇಲೆ ಬದುಕಿದ ಒಬ್ಬ ನಾಯಕನ ಮನೆಗೆ ಅಷ್ಟು ದೂರದ ಗಾಜು ಹೇಗೆ ಬಂದಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಆ ಕಾಲದ ವ್ಯಾಪಾರ, ಉಡುಗೊರೆ, ಅಧಿಕಾರಗಳ ಜಾಲವೇ ಬಿಚ್ಚಿಕೊಳ್ಳುತ್ತದೆ. ಬಸ್ಸಿನ ದಾರಿ ಅರ್ಧ ಗಂಟೆಯನ್ನೂ ಮೀರುವುದಿಲ್ಲವಾದ್ದರಿಂದ ಸಮಯ ಸ್ಥಳದಲ್ಲಿಯೇ ಉಳಿಯುತ್ತದೆ. ಆದರೆ ಪ್ರವಾಸದ ವಿವರವನ್ನು ಎಚ್ಚರಿಕೆಯಿಂದ ಓದಬೇಕು. ಔತಣ ಸೇರಿದ ಪ್ರವಾಸದಲ್ಲಿ ಹೆಚ್ಚಿನ ಹೊತ್ತು ಮೇಜಿನ ಮುಂದೆಯೇ ಕಳೆಯುತ್ತದೆ. ಬಡಿಸುವುದು ಕುರಿಮಾಂಸ ಮತ್ತು ಜೇನಿನ ಮದ್ಯ. ಸಸ್ಯಾಹಾರಿಗಳು ಹಡಗಿನಲ್ಲಿಯೇ ಮುಂಚಿತವಾಗಿ ತಿಳಿಸಬೇಕು, ಇಲ್ಲವೇ ಔತಣವಿಲ್ಲದ ಪ್ರವಾಸವನ್ನು ಕೊಳ್ಳಬೇಕು. ಕೆಳಗಿನ ನೀರಿನಲ್ಲಿ ಬೇಸಿಗೆಯಲ್ಲಿ ಕಟ್ಟಿರುವ, ಗೋಕ್‌ಸ್ಟಾಡ್ ಎಂಬ ಹಳೆಯ ವೈಕಿಂಗ್ ಹಡಗಿನ ಮಾದರಿಯವರೆಗೆ ನಡೆದು ಹೋಗಿ ಬರಲು ಸಮಯ ಕೊಡುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಶೆಟ್ಲೆಂಡ್‌ನ ಯಾರ್ಲ್ಸ್‌ಹಾಫ್ ಇದಕ್ಕೆ ಪೂರಾ ವಿರುದ್ಧ ಬಗೆಯ ಸ್ಥಳ. ಲರ್ವಿಕ್‌ನಿಂದ ದ್ವೀಪದ ದಕ್ಷಿಣ ತುದಿಗೆ ಮುಕ್ಕಾಲು ಗಂಟೆಯ ದಾರಿ. ಕೊನೆಯಲ್ಲಿ ರಸ್ತೆ ಸಂಬರ ವಿಮಾನ ನಿಲ್ದಾಣದ ಓಡುದಾರಿಯನ್ನೇ ಅಡ್ಡಲಾಗಿ ದಾಟುತ್ತದೆ, ವಿಮಾನ ಬರುವಾಗ ಬಸ್ಸು ನಿಂತು ಕಾಯಬೇಕು. ಇಲ್ಲಿ ಪುನರ್ನಿರ್ಮಾಣವಿಲ್ಲ, ವೇಷವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿರುಗಾಳಿಗೆ ಸಮುದ್ರದಂಚು ಕುಸಿದಾಗ ಹೊರಬಿದ್ದ ಈ ನೆಲೆಯಲ್ಲಿ ಕಂಚಿನ ಯುಗದ ಗುಡಿಸಲುಗಳಿಂದ 17ನೆಯ ಶತಮಾನದ ಜಮೀನ್ದಾರನ ಮನೆಯವರೆಗೆ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕ ವಸತಿ ಒಂದರ ಪಕ್ಕದಲ್ಲಿ ಒಂದು, ಒಂದರ ಮೇಲೊಂದು ಕುಳಿತಿದೆ. ನಾರ್ಸ್ ಜನರ, ಎಂದರೆ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರ, ಉದ್ದಮನೆಗಳ ಗೋಡೆ ಈಗ ಮೊಣಕಾಲೆತ್ತರಕ್ಕಷ್ಟೇ ಉಳಿದಿದೆ. ಆದರೂ ಮೊದಲು ಬಂದ ಕುಟುಂಬದ ಮನೆ ಎಲ್ಲಿತ್ತು, ಮುಂದಿನ ತಲೆಮಾರು ಅದರ ತುದಿಗೆ ದನದ ಕೊಟ್ಟಿಗೆಯನ್ನು ಹೇಗೆ ಜೋಡಿಸಿತು, ಬಾಗಿಲು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ನಡೆಯುತ್ತ ಹೋದಂತೆ ಕಾಲಬುಡದಲ್ಲಿಯೇ ಓದಬಹುದು. ಬಳಪದ ಕಲ್ಲಿನ ಪಾತ್ರೆಗಳು, ಮಗ್ಗದ ಕಲ್ಲುಗುಂಡುಗಳು, ಗಾಳದ ದಾರಕ್ಕೆ ಕಟ್ಟುವ ತೂಕಗಳು ಇಲ್ಲಿ ಸಿಕ್ಕಿವೆ. ಹಡಗಿನ ಚಿತ್ರ ಗೀಚಿದ ಕಲ್ಲಿನ ಹಲಗೆಯೂ ಸಿಕ್ಕಿದೆ. ಲೂಟಿಗಾರರೆಂದೇ ಹೆಸರಾದ ಜನ ಬಹುಪಾಲು ದಿನ ರೈತರಾಗಿ, ಬೆಸ್ತರಾಗಿ ಬದುಕಿದ್ದು ಇಲ್ಲಿ ಮನವರಿಕೆಯಾದಷ್ಟು ನನಗೆ ಬೇರೆಲ್ಲಿಯೂ ಆಗಲಿಲ್ಲ.

ತೊಂದರೆ ಪ್ರವಾಸದ ಜೋಡಣೆಯಲ್ಲಿದೆ. ಸಂಬರದ ಬಂಡೆಯ ಪಫಿನ್ ಹಕ್ಕಿಗಳು, ಶೆಟ್ಲೆಂಡ್‌ನ ಗಿಡ್ಡ ಕುದುರೆಗಳು, ಊರಿನ ಸುತ್ತಾಟ ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದಾಗ ಯಾರ್ಲ್ಸ್‌ಹಾಫ್‌ಗೆ ಮುಕ್ಕಾಲು ಗಂಟೆಯೂ ದಕ್ಕುವುದಿಲ್ಲ. ನಾನು ಹೋದ ಅಂಥ ಒಂದು ಪ್ರವಾಸದಲ್ಲಿ ಗೈಡ್ ನಾರ್ಸ್ ಭಾಗವನ್ನು ತಲುಪುವಷ್ಟರಲ್ಲಿ ಬಸ್ಸಿಗೆ ಮರಳಬೇಕಾಯಿತು. ವಿವರಣೆಯಿಲ್ಲದೆ ನೋಡಿದರೆ ಈ ಸ್ಥಳ ಬರೀ ಕಲ್ಲುಗಳ ರಾಶಿಯಂತೆ ಕಾಣುವುದೂ ಸಹಜ. ಇನ್ನು ಲರ್ವಿಕ್‌ನಲ್ಲಿ ತೋರಿಸುವ ‘ಅಪ್ ಹೆಲಿ ಆ’ ಹಬ್ಬದ ಸಾಮಗ್ರಿ ನೋಡಲು ಸೊಗಸಾಗಿದೆ, ಆದರೆ ಆ ಹಬ್ಬ ಈಗಿನ ರೂಪ ಪಡೆದದ್ದು 19ನೆಯ ಶತಮಾನದಲ್ಲಿ. ಅದನ್ನು ವೈಕಿಂಗ್ ಕಾಲದ ಉಳಿಕೆಯೆಂದು ಎಣಿಸಬೇಕಿಲ್ಲ.

ಆರ್ಕ್ನಿಯ ಕರ್ಕ್‌ವಾಲ್ ಬಂದರಿನ ಪಟ್ಟಿಯಲ್ಲಿ ‘ವೈಕಿಂಗ್’ ಎಂಬುದನ್ನು ಹುಡುಕಿದರೆ ನಿರಾಶೆಯಾಗಬಹುದು, ಏಕೆಂದರೆ ಅಲ್ಲಿ ಮಾರುವುದು ಶಿಲಾಯುಗವನ್ನು. ಸ್ಕಾರಾ ಬ್ರೇ ಎಂಬ ಶಿಲಾಯುಗದ ಹಳ್ಳಿ ಮತ್ತು ಬ್ರಾಡ್ಗರ್ ಕಲ್ಲುವೃತ್ತವನ್ನು ತೋರಿಸುವ ಆ ಪ್ರವಾಸದ ದಾರಿಯಲ್ಲಿಯೇ ಮೇಸ್‌ಹೌ ಎಂಬ ಹುಲ್ಲುಗುಡ್ಡವಿದೆ. ಸುಮಾರು ಐದು ಸಾವಿರ ವರ್ಷ ಹಳೆಯದಾದ ಈ ಸಮಾಧಿಯನ್ನು 12ನೆಯ ಶತಮಾನದಲ್ಲಿ ಒಡೆದು ಒಳಹೊಕ್ಕ ನಾರ್ಸ್ ಜನ ಒಳಗೋಡೆಗಳ ಮೇಲೆ ರೂನ್ ಎಂಬ ತಮ್ಮ ಲಿಪಿಯಲ್ಲಿ ಸುಮಾರು ಮೂವತ್ತು ಬರಹಗಳನ್ನು ಕೆತ್ತಿಹೋದರು. ಸ್ಕ್ಯಾಂಡಿನೇವಿಯದ ಹೊರಗೆ ಒಂದೆಡೆ ಇಷ್ಟು ರೂನ್ ಬರಹ ಸಿಗುವುದು ತೀರ ಅಪರೂಪ. ಒಬ್ಬ ಇಂಗಿಗೆರ್ಥ್ ಎಂಬವಳೇ ಹೆಂಗಸರಲ್ಲಿ ಅತ್ಯಂತ ಚೆಲುವೆ ಎಂದು ಬರೆದಿದ್ದಾನೆ. ಇನ್ನೊಬ್ಬ ತಾನು ಪಶ್ಚಿಮ ಸಮುದ್ರದಲ್ಲಿಯೇ ರೂನ್ ಬಲ್ಲವರಲ್ಲಿ ಮೇಲೆಂದೂ, ಐಸ್‌ಲೆಂಡಿನ ದಕ್ಷಿಣದಲ್ಲಿದ್ದ ಗೌಕ್ ಎಂಬವನ ಕೊಡಲಿಯಿಂದ ಇದನ್ನು ಕೆತ್ತಿದೆನೆಂದೂ ಜಂಬ ಕೊಚ್ಚಿಕೊಂಡಿದ್ದಾನೆ. ಮತ್ತೊಬ್ಬ ಬಚ್ಚಿಟ್ಟ ನಿಧಿಯ ದಿಕ್ಕು ಹೇಳಿದ್ದಾನೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಯಾತ್ರಿಕರು ಕೊರೆದುಹೋದ ಹೆಸರುಗಳನ್ನು ಬಗ್ಗಿ ಓದಿದವರಿಗೆ ಈ ಗೋಡೆಗಳ ಮುಂದೆ ಆಗುವ ಅನುಭವ ಹೊಸದಲ್ಲ. ಭಕ್ತಿಯ ಸ್ಥಾನದಲ್ಲಿ ಇಲ್ಲಿ ಪೋಲಿತನವಿದೆ, ಅಷ್ಟೇ. ವೈಕಿಂಗ್ ಯುಗ 1066ಕ್ಕೆ ಮುಗಿಯಿತೆಂದು ಲೆಕ್ಕ ಹಾಕುವವರು ಇವನ್ನು ಆ ಯುಗದ ಹೊರಗಿಡುತ್ತಾರೆ. ಆದರೆ ಬರೆದವರ ಭಾಷೆಯೂ ಲಿಪಿಯೂ ನಾರ್ಸ್ ಜನರವೇ, ಮತ್ತು ಮಧ್ಯೆ ಯಾವ ಅನುವಾದಕನೂ ಇಲ್ಲದೆ ಆ ಜನರ ಮಾತು ಕೇಳಿಸುವ ಸ್ಥಳ ನಾನು ಕಂಡ ಬಂದರುಗಳಲ್ಲಿ ಇದೊಂದೇ.

ಒಳಗೆ ಹೋಗುವುದು ಸುಲಭವಲ್ಲ. ಸುಮಾರು 10 ಮೀಟರ್ ಉದ್ದದ ತಗ್ಗಾದ ಕಲ್ಲುಹಾದಿಯಲ್ಲಿ ಬೆನ್ನು ಪೂರ್ತಿ ಬಗ್ಗಿಸಿ ನಡೆಯಬೇಕು. ಮಂಡಿನೋವು, ಸೊಂಟನೋವು ಇರುವ ಹಿರಿಯರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಗೊತ್ತುಪಡಿಸಿದ ವೇಳೆಗೆ, ಚಿಕ್ಕ ಗುಂಪುಗಳಲ್ಲಿ, ಗೈಡ್ ಜೊತೆಗೆ ಮಾತ್ರ ಪ್ರವೇಶ. ಹೀಗಾಗಿ ದೊಡ್ಡ ಬಸ್ಸಿನ ಪ್ರವಾಸ ಕೊಂಡಾಗ ನನಗೆ ಗುಡ್ಡವನ್ನು ಕಿಟಕಿಯಿಂದ ತೋರಿಸಿ ಮುಂದೆ ಕರೆದೊಯ್ದರು. ಇನ್ನೊಮ್ಮೆ ಸ್ಮಾರಕವನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಎನ್ವಿರಾನ್ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆಯ ಟಿಕೆಟ್ಟನ್ನು ನಾನೇ ಮುಂಗಡವಾಗಿ ತೆಗೆದುಕೊಂಡು, ಬಂದರಿನಿಂದ ಟ್ಯಾಕ್ಸಿಯಲ್ಲಿ ಹೋದೆ. ಹಡಗಿನ ಪ್ರವಾಸಕ್ಕಿಂತ ಖರ್ಚೂ ಕಡಿಮೆಯಾಯಿತು, ಕಂಡದ್ದೂ ಹೆಚ್ಚು.

ಮಿಕ್ಕ ಅರ್ಧ ದಿನವನ್ನು ಕರ್ಕ್‌ವಾಲ್ ಪೇಟೆಯ ನಡುವಿರುವ ಸೇಂಟ್ ಮ್ಯಾಗ್ನಸ್ ಕೆಥೀಡ್ರಲ್‌ಗೆ ಮೀಸಲಿಡಬೇಕು. 1137ರಲ್ಲಿ ದ್ವೀಪಗಳನ್ನು ಆಳುತ್ತಿದ್ದ ನಾರ್ಸ್ ಅರ್ಲ್ ರೋಗ್ನವಾಲ್ಡ್ ತನ್ನ ಸೋದರಮಾವ ಮ್ಯಾಗ್ನಸ್‌ನ ನೆನಪಿಗೆ ಕೆಂಪು ಹಳದಿ ಮರಳುಗಲ್ಲಿನಲ್ಲಿ ಕಟ್ಟಿಸಲು ತೊಡಗಿದ ಚರ್ಚು ಇದು. ದಾಯಾದಿ ಕಲಹದಲ್ಲಿ ಮ್ಯಾಗ್ನಸ್‌ನನ್ನು ತಲೆಗೆ ಹೊಡೆದು ಕೊಂದರೆಂದು ಹಳೆಯ ಕಥನ ಹೇಳುತ್ತದೆ. 1919ರಲ್ಲಿ ಇಲ್ಲಿನ ಕಂಬವೊಂದರೊಳಗೆ ಸಿಕ್ಕ ಪೆಟ್ಟಿಗೆಯ ತಲೆಬುರುಡೆಯಲ್ಲಿ ಅಂಥದೇ ಏಟಿನ ಗುರುತಿತ್ತು. ಆರ್ಕ್ನಿ 1468ರಲ್ಲಿ ರಾಜಕುಮಾರಿಯ ವರದಕ್ಷಿಣೆಗೆ ಒತ್ತೆಯಾಗಿ ಸ್ಕಾಟ್ಲೆಂಡಿಗೆ ಸೇರುವವರೆಗೂ, ಮರುವರ್ಷ ಶೆಟ್ಲೆಂಡ್ ಅದೇ ದಾರಿ ಹಿಡಿಯುವವರೆಗೂ, ಈ ದ್ವೀಪಗಳ ಒಡೆತನ ನಾರ್ವೆಯ ಕಡೆಗೇ ಇತ್ತೆಂಬುದು ಈ ಕಟ್ಟಡದಲ್ಲಿ ನಿಂತಾಗ ಅರ್ಥವಾಗುತ್ತದೆ. ಪ್ರವೇಶಕ್ಕೆ ಟಿಕೆಟ್ ಇಲ್ಲ, ಯಾವ ಪ್ರವಾಸವನ್ನೂ ಕೊಳ್ಳಬೇಕಿಲ್ಲ. ಬರ್ಸೆಯ ನಾರ್ಸ್ ನೆಲೆ ಇನ್ನೂ ಚೆಲುವಾದದ್ದು, ಆದರೆ ಆ ದ್ವೀಪಕ್ಕೆ ಸಮುದ್ರ ಪೂರ್ತಿ ಇಳಿಯುವ ಹೊತ್ತಿಗೆ ಮೊದಲೂ ಆಮೇಲೂ ಸುಮಾರು ಎರಡೆರಡು ಗಂಟೆ ಮಾತ್ರ ಕಾಲುದಾರಿ ತೆರೆದಿರುತ್ತದೆ. ಹಡಗಿನ ವೇಳೆ ಅದಕ್ಕೆ ಹೊಂದಿಕೊಂಡರೆ ಅದೃಷ್ಟ.

ರೇಕ್ಯಾವಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೇಟೆಯ ನಡುವೆ, ನೆಲದಡಿಯ ಸಭಾಂಗಣದಲ್ಲಿ, 2001ರಲ್ಲಿ ಸಿಕ್ಕ ಉದ್ದಮನೆಯ ತಳವನ್ನು ಇದ್ದಲ್ಲಿಯೇ ಕಾಪಾಡಿದ್ದಾರೆ. ಸುಮಾರು 871ರಲ್ಲಿ ಬಿದ್ದ ಜ್ವಾಲಾಮುಖಿಯ ಬೂದಿಯ ಪದರವೇ ಅಲ್ಲಿ ಕಾಲಮಾಪಕ. ಬೂದಿಗಿಂತ ಕೆಳಗಿರುವ ಗೋಡೆಯ ತುಂಡು ಅದಕ್ಕಿಂತ ಹಳೆಯದು. ಒಂದೂವರೆ ಗಂಟೆ ಸಾಕು, ಸ್ವಂತವಾಗಿಯೇ ಹೋಗಬಹುದು. 930ರಲ್ಲಿ ಜನಸಭೆ ಸೇರಿದ ಥಿಂಗ್ವೆಟ್ಲಿರ್ ‘ಗೋಲ್ಡನ್ ಸರ್ಕಲ್’ ಪ್ರವಾಸದಲ್ಲಿ ಸಿಗುತ್ತದೆ, ಆದರೆ ಗೈಡ್‌ಗಳ ಮಾತು ಬೇಗನೆ ಭೂಗರ್ಭದ ಬಿರುಕುಗಳ ಕಡೆಗೆ ಹೊರಳುತ್ತದೆ. ಓಸ್ಲೋ ನಿಮ್ಮ ದಾರಿಯಲ್ಲಿದ್ದರೆ, ಅಲ್ಲಿನ ಹೆಸರಾಂತ ವೈಕಿಂಗ್ ಹಡಗುಗಳ ವಸ್ತುಸಂಗ್ರಹಾಲಯ 2022ರಲ್ಲಿ ದೊಡ್ಡ ನವೀಕರಣಕ್ಕಾಗಿ ಮುಚ್ಚಿತೆಂಬುದನ್ನು ನೆನಪಿಟ್ಟು, ಮತ್ತೆ ತೆರೆದಿದೆಯೇ ಎಂದು ನೋಡಿಕೊಂಡೇ ದಿನವನ್ನು ಯೋಜಿಸಬೇಕು.

ಹಡಗಿನವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಸ್ವಂತ ಏರ್ಪಾಡು ತಡವಾದರೆ ಕಾಯುವುದಿಲ್ಲ. ಈ ಕಾರಣಕ್ಕೆ ನಾನು ಲೆಕ್ನೆಸ್‌ನಲ್ಲಿ ಮತ್ತು ಲರ್ವಿಕ್‌ನಲ್ಲಿ ಹಡಗಿನ ಪ್ರವಾಸವನ್ನೇ ಕೊಳ್ಳುತ್ತೇನೆ. ದೊಡ್ಡ ಹಡಗುಗಳು ಲರ್ವಿಕ್‌ನ ಹೊರಗೆ ಲಂಗರು ಹಾಕಿ ಟೆಂಡರ್ ದೋಣಿಗಳಲ್ಲಿ ಜನರನ್ನು ಇಳಿಸಿದಾಗ ಪ್ರವಾಸ ಕೊಂಡವರಿಗೆ ಮೊದಲ ಸರದಿ ಸಿಗುವುದೂ ಒಂದು ಅನುಕೂಲ. ಯಾರ್ಲ್ಸ್‌ಹಾಫ್ ಮಾತ್ರವೇ ಇರುವ, ಹಕ್ಕಿ ಕುದುರೆಗಳಿಲ್ಲದ ಪ್ರವಾಸ ಸಿಕ್ಕರೆ ಅದಕ್ಕೇ ಆದ್ಯತೆ. ಕರ್ಕ್‌ವಾಲ್, ರೇಕ್ಯಾವಿಕ್‌ಗಳಲ್ಲಿ ದೂರಗಳು ಚಿಕ್ಕವು, ಸ್ವಂತ ಏರ್ಪಾಡೇ ಮೇಲು. ಒಂದೇ ಪ್ರವಾಸಕ್ಕೆ ಹಣವಿದೆ ಎನ್ನುವವರಿಗೆ ನನ್ನ ಉತ್ತರ ಬೋರ್ಗ್. ಬೆನ್ನು ಬಗ್ಗುವವರಿಗೆ, ಟಿಕೆಟ್ ಸಿಕ್ಕವರಿಗೆ, ಮೇಸ್‌ಹೌ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಭಾರತದ ಪಾಸ್‌ಪೋರ್ಟ್ ಇರುವವರು ಗಮನಿಸಬೇಕಾದದ್ದು ಇನ್ನೊಂದಿದೆ: ನಾರ್ವೆ, ಐಸ್‌ಲೆಂಡ್‌ಗಳಿಗೆ ಶೆಂಗೆನ್ ವೀಸಾ, ಶೆಟ್ಲೆಂಡ್, ಆರ್ಕ್ನಿಗಳಿಗೆ ಬ್ರಿಟನ್ನಿನ ವೀಸಾ. ನಾರ್ವೆಯಿಂದ ಆರ್ಕ್ನಿಗೆ ಹೋಗಿ ಮತ್ತೆ ಐಸ್‌ಲೆಂಡಿಗೆ ಹೊರಡುವ ಹಡಗಿನಲ್ಲಿ ಶೆಂಗೆನ್ ವಲಯವನ್ನು ಎರಡನೆಯ ಸಲ ಪ್ರವೇಶಿಸಿದಂತಾಗುವುದರಿಂದ, ಅರ್ಜಿ ಹಾಕುವಾಗಲೇ ಬಹುಪ್ರವೇಶದ ವೀಸಾ ಕೇಳಬೇಕು.