ಡೇವಿಸ್ ಕಪ್ ನೋಡೋಕೆ ಹಾಕಿಸಿಕೊಂಡ ಆ್ಯಪ್: ಐದಕ್ಕೆ ಎರಡೂವರೆ

2025ರ ಸೆಪ್ಟೆಂಬರ್‌ನಲ್ಲಿ ದೇಶ-ದೇಶಗಳ ಟೆನಿಸ್ ಪಂದ್ಯಾವಳಿ ಡೇವಿಸ್ ಕಪ್‌ನಲ್ಲಿ ಭಾರತ ಸ್ವಿಟ್ಜರ್ಲೆಂಡ್ ವಿರುದ್ಧ ಅವರದೇ ಊರು ಬೀಲ್‌ನಲ್ಲಿ ಆಡುತ್ತೆ ಅಂತ ಗೊತ್ತಾದಾಗ ಒಂದು ಆ್ಯಪ್‌ಗೆ ತಿಂಗಳ ದುಡ್ಡು ಕಟ್ಟಿದೆ. ಹೆಸರು ಬೇಡ ಬಿಡಿ. ಬಳ್ಳಾರಿಯಲ್ಲಿ ಕ್ರಿಕೆಟ್ ಆದ್ರೆ ಯಾವ ಚಹಾದಂಗಡಿಯಲ್ಲಾದ್ರೂ ನಿಂತು ನೋಡಬಹುದು, ಟೆನಿಸ್ ಯಾರು ಹಾಕ್ತಾರೆ?

ಚಿತ್ರ ಚೆನ್ನಾಗಿತ್ತು, ಚೆಂಡು ಗೆರೆ ಮುಟ್ಟಿದ್ದೂ ಕಾಣುತ್ತಿತ್ತು. ಆದರೆ ಮೊದಲ ದಿನ ನಮ್ಮ ದಕ್ಷಿಣೇಶ್ವರ್ ಸುರೇಶ್ ಅವರ ಜೆರೋಮ್ ಕಿಮ್ ವಿರುದ್ಧ ಟೈಬ್ರೇಕ್ (ಸೆಟ್ 6-6 ಆದಾಗ ಅದನ್ನ ತೀರ್ಮಾನಿಸೋ ಆಟ) ಆಡುವಾಗಲೇ ಸುತ್ತೋ ಚಕ್ರ ಶುರು! ಒಗ್ಗರಣೆ ಮಿರ್ಚಿ ತಟ್ಟೆ ಖಾಲಿಯಾದ್ರೂ ಅದು ನಿಲ್ಲಲಿಲ್ಲ, ಕೊನೆಗೆ ಸೆಟ್ ಗೆದ್ದ ಸುದ್ದಿ ಗೆಳೆಯನ ಮೆಸೇಜ್‌ನಿಂದ ಗೊತ್ತಾಯ್ತು. ಸುಮ್ನೆ ದುಡ್ಡು ಕೊಟ್ಟಂಗಾಯ್ತು ಅಲ್ವಾ?

ಎರಡನೇ ದಿನ ಪರವಾಗಿಲ್ಲ. ಡಬಲ್ಸ್ ಸೋತೆವು, ಆಮೇಲೆ ಸುಮಿತ್ ನಾಗಲ್ ಹೆನ್ರಿ ಬರ್ನೆಟ್‌ನನ್ನು ಸೋಲಿಸಿ ಭಾರತಕ್ಕೆ 3-1 ಗೆಲುವು ತಂದಿದ್ದನ್ನ ತಡೆಯಿಲ್ಲದೆ ನೋಡಿದೆ. 1993ರಲ್ಲಿ ಫ್ರಾನ್ಸ್‌ನಲ್ಲಿ ಗೆದ್ದ ಮೇಲೆ ಯುರೋಪಿನ ತಂಡವನ್ನ ಅದರ ನೆಲದಲ್ಲೇ ಸೋಲಿಸಿದ್ದು ಇದೇ ಮೊದಲು. ಅದಕ್ಕೇ ಅರ್ಧ ಸ್ಟಾರ್ ಜಾಸ್ತಿ.

ಕನ್ನಡ ಕಾಮೆಂಟ್ರಿ ಇಲ್ಲ. ಹಳೇ ಪಂದ್ಯ ಹುಡುಕೋಕೆ ಹೋದ್ರೆ ಬರೀ ಫುಟ್‌ಬಾಲ್ ತೋರಿಸುತ್ತೆ. ಮುಂದಿನ ತಿಂಗಳಿಗೆ ಕಟ್ಟಲಿಲ್ಲ.